ಗೋಡೆಯಾಚೆ ಓಡಿದ ಸಿನಿಮಾಗಳು

ಇಷ್ಟವಾದ ಹತ್ತು ಸಿನಿಮಾಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಇಲ್ಲಿಗೆ ಕರೆದರು. ಆಯ್ತು ಅಂದೆ. ಮನೆಗೆ ಹೋಗಿ ಪಟ್ಟಿ ಮಾಡಲು ಕೂತರೆ ಆರನೇ ಹೆಸರಿಗೇ ಪೆನ್ನು ನಿಂತಿತು. ಬರೆದ ಆರರಲ್ಲಿ ಎರಡನ್ನು ನಾನು ನೋಡುವ ಮೊದಲು ಕೇಳಿದ್ದೆ. ಇನ್ನೊಂದನ್ನು ಅರ್ಧ ಕಿವುಡಿಯಾಗಿ ನೋಡಿದ್ದೆ. ಹಾಗಾಗಿ ಹತ್ತರ ಲೆಕ್ಕ ಬಿಟ್ಟುಬಿಡೋಣ. ನಿಮ್ಮಲ್ಲಿ ಚಿತ್ರಕಥೆ, ಕ್ಯಾಮೆರಾ, ಎಡಿಟಿಂಗ್ ಎಲ್ಲ ಬಲ್ಲವರಿದ್ದೀರಿ. ನನಗೆ ಅದು ಬರುವುದಿಲ್ಲ. ಸಿನಿಮಾ ನನ್ನ ಕಿವಿಗೆ ಏನು ಮಾಡಿತು ಎನ್ನುವುದನ್ನು ಮಾತ್ರ ಹೇಳಬಲ್ಲೆ.

ನಾನು ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದ ಕಡೆ ಒಂದು ವಠಾರದಲ್ಲಿ. ಎಂಟು ಮನೆ, ಎರಡು ನಲ್ಲಿ. ವಠಾರದ ಹಿಂದಿನ ಗೋಡೆಯೇ ಒಂದು ಟಾಕೀಸಿನ ಗೋಡೆ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆ ಟಾಕೀಸಿಗೆ ಹೊಸ ಸಿನಿಮಾ ಬರುತ್ತಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಓಡಿ ಓಡಿ ಸುಸ್ತಾದ ಮೇಲೆ, ಗೀರು ಬಿದ್ದ ಪ್ರಿಂಟು ನಮ್ಮ ಕಡೆ ಬರುತ್ತಿತ್ತು. ಗೋಡೆಯ ಮೇಲ್ಗಡೆ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನು. ಯಾವ ಕಾಲದಲ್ಲಿ ತಿರುಗಿತ್ತೋ ಗೊತ್ತಿಲ್ಲ, ನಾವು ನೋಡುವಾಗ ತೂತು ಮಾತ್ರ ಇತ್ತು. ಆ ತೂತಿನಿಂದ ಬೀಡಿ ಹೊಗೆ, ಕಡಲೆಕಾಯಿ ವಾಸನೆ, ಪೂರ್ತಿ ಸಿನಿಮಾ, ಮೂರೂ ನಮ್ಮ ಬಚ್ಚಲುಮನೆಗೆ ಇಳಿಯುತ್ತಿದ್ದವು.

ದಿನಕ್ಕೆ ಮೂರು ಆಟ. ಅಮ್ಮನಿಗೆ ಗಡಿಯಾರ ಬೇಕಾಗಿರಲಿಲ್ಲ. ಫಸ್ಟ್ ಶೋ ಇಂಟರ್‌ವಲ್ ಗಂಟೆ ಹೊಡೆದರೆ ಅನ್ನಕ್ಕಿಡುವುದು. ಕೊನೇ ಫೈಟು ಶುರುವಾದರೆ ನಮ್ಮನ್ನು ಊಟಕ್ಕೆ ಕರೆಯುವುದು. ಆಗೆಲ್ಲ ಸಿನಿಮಾ ಮುಗಿದ ಮೇಲೆ ಜನಗಣಮನ ಹಾಕುತ್ತಿದ್ದರು. ಸೆಕೆಂಡ್ ಶೋ ಬಿಡುವ ಹೊತ್ತಿಗೆ ನಮ್ಮಪ್ಪ ಒಂದು ನಿದ್ದೆ ಮುಗಿಸಿರುತ್ತಿದ್ದರು. ಜನಗಣಮನ ಕೇಳಿದ ಕೂಡಲೇ ನಿದ್ದೆಗಣ್ಣಲ್ಲೇ ಚಾಪೆ ಮೇಲೆ ಕಾಲೆರಡೂ ಜೋಡಿಸಿ ನೆಟ್ಟಗೆ ಮಾಡುತ್ತಿದ್ದರು. ಬೇಕು ಅಂತ ಮಾಡುತ್ತಿದ್ದರೋ ಅಭ್ಯಾಸವೋ, ಕೊನೆಗೂ ಕೇಳಲಿಲ್ಲ.

ಪಕ್ಕದಲ್ಲೇ ಟಾಕೀಸಿದ್ದರೂ ನಾವು ಒಳಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ಯುಗಾದಿಗೊಂದು, ದೀಪಾವಳಿಗೊಂದು. ಐದು ಮಕ್ಕಳು. ಗಾಂಧಿ ಕ್ಲಾಸಿನ ಟಿಕೆಟ್ಟೇ ಆದರೂ ಐದು ಟಿಕೆಟ್ಟು ಐದು ಟಿಕೆಟ್ಟೇ. ಉಳಿದ ಸಿನಿಮಾಗಳೆಲ್ಲ ನಮಗೆ ಬಚ್ಚಲುಮನೆಯಲ್ಲಿ.

ಪುಟ್ಟಣ್ಣ ಕಣಗಾಲರ 'ಶರಪಂಜರ' ಬಂದದ್ದು 1971ರಲ್ಲಿ. ನಮ್ಮ ಟಾಕೀಸಿಗೆ ಬರುವಷ್ಟರಲ್ಲಿ ನನಗೆ ಹತ್ತು ವರ್ಷ ತುಂಬಿತ್ತು. ಮೂರು ವಾರ ಓಡಿತು. ಮೂರು ವಾರ, ದಿನಕ್ಕೆ ಮೂರು ಸಲ, ಕಲ್ಪನಾ ನಮ್ಮ ಬಚ್ಚಲುಮನೆಯಲ್ಲಿ ಅತ್ತರು. ರಾತ್ರಿ ಒಂಬತ್ತರ ಹೊತ್ತಿಗೆ ಆ ಕೊನೆಯ ದೃಶ್ಯ ಬರುತ್ತಿತ್ತು. ಅಮ್ಮ ಪಾತ್ರೆ ತಿಕ್ಕುವ ಕೈ ನಿಲ್ಲಿಸಿ, 'ಪಾಪ, ಇವತ್ತೂ ಹುಚ್ಚು ಹಿಡೀತು ನೋಡು ಅವಳಿಗೆ' ಅನ್ನುತ್ತಿದ್ದರು. ಇವತ್ತಾದರೂ ಹಿಡಿಯದೆ ಇರಬಹುದಿತ್ತು ಎನ್ನುವ ಹಾಗೆ.

ನನ್ನ ಮನಸ್ಸಿನಲ್ಲಿ ಆ ಹೆಂಗಸಿನದೊಂದು ರೂಪ ಕೂತಿತ್ತು. ನಮ್ಮ ವಠಾರದ ಕೊನೇಮನೆ ಅಜ್ಜಿಯ ಹಾಗೆ, ಕೆದರಿದ ತಲೆ, ದೊಡ್ಡ ಮೈ. ಒಬ್ಬಳೇ ಒಂದು ಕೋಣೆಯಲ್ಲಿ ನಿಂತು ಯಾರೂ ಇಲ್ಲದ ಕಡೆ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಹನ್ನೊಂದು ವರ್ಷ ಆದ ಮೇಲೆ, ಕೆಲಸಕ್ಕೆ ಸೇರುವ ಹೊತ್ತಿಗೆ, ಆ ಸಿನಿಮಾ ಮತ್ತೆ ಬಂದಾಗ ಹೋಗಿ ನೋಡಿದೆ. ಕಲ್ಪನಾ ಎಷ್ಟು ಚೆಂದ! ಮೊದಲ ಅರ್ಧ ಗಂಟೆ ನನಗೆ ನಂಬಿಕೆಯೇ ಬರಲಿಲ್ಲ. ಇವಳಲ್ಲ, ಇನ್ನೊಬ್ಬಳು ಬರುತ್ತಾಳೆ ಅಂತ ಕಾಯುತ್ತಿದ್ದೆ.

ಆಮೇಲೆ ಗೊತ್ತಾದ ವಿಷಯ ಅದಕ್ಕಿಂತ ದೊಡ್ಡದು. ಕಲ್ಪನಾ ಮಾಡಿದ ಪಾತ್ರದ ಹೆಸರು ಕಾವೇರಿ. ಆಸ್ಪತ್ರೆಯಿಂದ ವಾಪಸ್ಸು ಬಂದ ಕಾವೇರಿಯ ಸುತ್ತ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಗಂಡ ಮೆಲ್ಲಗೆ ಮಾತಾಡುತ್ತಾನೆ. ನೆರೆಹೊರೆಯವರು ಪಿಸುಗುಡುತ್ತಾರೆ. ಅನುಮಾನ ಯಾವತ್ತೂ ಸಣ್ಣ ದನಿಯಲ್ಲೇ ಇರುತ್ತದೆ, ಅಲ್ವಾ? ನಮ್ಮ ಗೋಡೆ ಜೋರು ದನಿಯನ್ನಷ್ಟೇ ಈಚೆ ಬಿಡುತ್ತಿತ್ತು. ಹಾಗಾಗಿ ಅವಳು ಕೂಗಿದ್ದು ಮಾತ್ರ ನಮಗೆ ಕೇಳಿಸಿತ್ತು. ಕೂಗುವಂತೆ ಮಾಡಿದವರ ಒಂದು ಮಾತೂ ಕೇಳಿಸಿರಲಿಲ್ಲ. ಟಾಕೀಸಿನ ಕತ್ತಲಲ್ಲಿ ಕೂತು ಕೊನೇಮನೆ ಅಜ್ಜಿಯನ್ನು ನೆನೆಸಿಕೊಂಡೆ. ಅವರೂ ಜೋರಾಗಿ ಕೂಗುತ್ತಿದ್ದರು. ಅವರ ಮಗ, ಸೊಸೆ ಬಹಳ ಮೃದು ಮಾತಿನವರು ಅಂತ ವಠಾರದಲ್ಲೆಲ್ಲ ಹೆಸರು.

ಇದನ್ನು ನಾನು ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಂಗೆ ಈಗ ಗೊತ್ತಾಯ್ತಾ?' ಅಂದರು.

ಇನ್ನು ರಾಜ್‌ಕುಮಾರ್ ವಿಷಯ. ಇದನ್ನು ಹೇಳಿದರೆ ನೀವು ನಗುತ್ತೀರಿ, ನಗಿ. ಅವರಿಗೆ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್ ಎಂಬ ಹೆಸರೇ ನನಗೆ ಗೊತ್ತಿರಲಿಲ್ಲ. ರೇಡಿಯೊದಲ್ಲಿ ಹಾಡಿದವರ ಹೆಸರು ಹೇಳುತ್ತಿದ್ದರು, ಸರಿ. ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಗೋಡೆ ಇರುವಾಗ ರೇಡಿಯೊ ಯಾಕೆ ಅಂತ ಅಪ್ಪನ ವಾದ. ಮಾತಾಡುವವರೂ ಹಾಡುವವರೂ ಒಬ್ಬರೇ ಅಂದುಕೊಂಡೇ ಬೆಳೆದೆ. ಅನುಮಾನಕ್ಕೆ ಎಡೆಯೂ ಇರಲಿಲ್ಲ. ಮಾತು ನಿಂತು ಹಾಡು ಶುರುವಾಗುವ ಜಾಗದಲ್ಲಿ ಬೆಸುಗೆ ಕಾಣುತ್ತಿರಲಿಲ್ಲ. ಕಾಕಿನಾಡದಲ್ಲಿ ಹುಟ್ಟಿದ ಒಬ್ಬರು, ಗಾಜನೂರಿನ ಒಬ್ಬರ ಗಂಟಲೊಳಗೆ ಹೋಗಿ ಕೂತುಬಿಟ್ಟಿದ್ದರು.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ನಮ್ಮ ಗೋಡೆಗೆ ಅದು ತಲುಪಿದ ದಿನ ನಾನು ಬಚ್ಚಲಲ್ಲಿ ಬಟ್ಟೆ ಜಾಲಿಸುತ್ತಿದ್ದೆ. 'ಯಾರೇ ಕೂಗಾಡಲಿ' ಶುರುವಾಯಿತು. ನಾನು ಒದ್ದೆ ಕೈಯಲ್ಲೇ ಎದ್ದು ಓಡಿಹೋಗಿ, 'ಅಮ್ಮಾ, ರಾಜ್‌ಕುಮಾರ್‌ಗೆ ಬೇರೆ ಯಾರೋ ಹಾಡ್ತಿದಾರೆ!' ಅಂದೆ. ನೋಡಿ ನನ್ನ ಜಾಣತನ. ಅಷ್ಟು ವರ್ಷ ಬೇರೆಯವರು ಹಾಡಿದಾಗ ಅದು ರಾಜ್‌ಕುಮಾರ್. ಅವರೇ ಬಾಯಿಬಿಟ್ಟು ಹಾಡಿದ ದಿನ ಅವರು ಡೂಪ್ಲಿಕೇಟು!

ಹತ್ತು ದಿನ ಆ ಹಾಡಿನ ಮೇಲೆ ನನಗೆ ಸಿಟ್ಟಿತ್ತು. ಆಮೇಲೆ ಮೆಲ್ಲಗೆ ಕಿವಿ ತಿರುಗಿತು. ನಾಟಕದ ಕಂಪನಿಯಲ್ಲಿ ಮೈಕಿಲ್ಲದೆ ಹಾಡಿ ಪಳಗಿದ ಗಂಟಲು ಅದು. 'ಕೂಗಾಡಲಿ' ಅನ್ನುವಾಗ ಅಕ್ಷರ ಅಕ್ಷರವೂ ಕೊನೇ ಸಾಲಿನವನಿಗೆ ಮುಟ್ಟಬೇಕು ಎನ್ನುವ ಹಟ ಅದರಲ್ಲಿದೆ. ನಮ್ಮ ಗೋಡೆಗೆ ಹೇಳಿ ಮಾಡಿಸಿದ ದನಿ. ಪಿ.ಬಿ.ಯವರ ಹಾಡಿನಲ್ಲಿ ಅರ್ಧ ಮಾತು ಫ್ಯಾನಿನ ತೂತಿನಲ್ಲೇ ಉಳಿದುಹೋಗುತ್ತಿತ್ತು, ಅಷ್ಟು ಮೆದು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಜ್‌ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂದಾಗ, ನನ್ನ ತೀರ್ಪು ನೆನಪಾಗಿ ನಾಚಿಕೆಯಾಯಿತು. ಆದರೂ ಇವತ್ತಿಗೂ ಸುಮ್ನೆ ಕೂತಾಗ ನನ್ನ ಬಾಯಿಗೆ ಬರುವುದು ಪಿ.ಬಿ. ಹಾಡೇ. ಮೊದಲು ಕಿವಿಗೆ ಬಿದ್ದದ್ದು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ.

ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ವಠಾರದಲ್ಲೇ ಆ ಟಾಕೀಸಿನಲ್ಲಿ ಟಾರ್ಚ್ ಹಿಡಿಯುವವರೊಬ್ಬರಿದ್ದರು. ಮಾಮ ಅನ್ನುತ್ತಿದ್ದೆವು. ನಾವು ಕೇಳಿದ ಸಿನಿಮಾಗೆ ಬಣ್ಣ ತುಂಬಿಸಿಕೊಳ್ಳಲು ಅವರ ಹಿಂದೆ ಬೀಳುತ್ತಿದ್ದೆವು. ಮಾಮ, ಕಾವೇರಿ ಸೀರೆ ಯಾವ ಬಣ್ಣ? ಮಾಮ, ಆ ಧಡ್ ಅಂತ ಸದ್ದಾಯ್ತಲ್ಲ, ಬಿದ್ದದ್ದು ಯಾರು? ಅವರದ್ದು ಒಂದೇ ಉತ್ತರ. 'ನಾನು ಪರದೆ ಕಡೆ ನೋಡಲ್ಲ ಮಗಾ. ಜನದ ಕಾಲು ನೋಡ್ತೀನಿ. ಯಾರ ಕಾಲೂ ತುಳೀಬಾರದಲ್ಲ.' 2013ರಲ್ಲಿ 'ಲೂಸಿಯಾ' ನೋಡುವಾಗ, ಅದರಲ್ಲಿ ಟಾರ್ಚ್ ಬಿಡುವ ಹುಡುಗನೇ ಹೀರೊ ಅಂತ ಗೊತ್ತಾದ ಕೂಡಲೇ ನನಗೆ ಕಥೆ ತಪ್ಪಿಹೋಯಿತು. ಕನಸು ಯಾವುದು, ನಿಜ ಯಾವುದು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ನಾನು ಮಾತ್ರ ಆ ಹುಡುಗನ ಕಾಲು ನೋಡುತ್ತಿದ್ದೆ. ಸಿನಿಮಾ ಅರ್ಥವಾಗಲು ಎರಡನೇ ಸಲ ಹೋಗಬೇಕಾಯಿತು.

ಟಾಕೀಸು ಅಂತ ನಾವು ಈಗಲೂ ಅನ್ನುತ್ತೇವೆ. ಮಾತಾಡುವ ಚಿತ್ರಗಳು ಬಂದ ಕಾಲದ ಹೆಸರು ಅದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ನಮ್ಮ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡಿತು. ಅದಕ್ಕೂ ಮೊದಲು ಪರದೆ ಮೇಲೆ ಬೊಂಬೆ ಓಡಾಡುವುದನ್ನು ಜನ ನೋಡಿದ್ದರು. ಆದರೆ ಬೊಂಬೆ ಕನ್ನಡದಲ್ಲಿ ಮಾತಾಡುತ್ತದೆ ಅಂದರೆ? ಅವತ್ತು ಟಿಕೆಟ್ ತಗೊಂಡವರು ಕೇಳಲು ಹೋದವರು ಅಂತಲೇ ನನ್ನ ನಂಬಿಕೆ. ನಾನೂ ಅದೇ ಕುಲದವಳು.

1983ರಲ್ಲಿ ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಟ್ರಂಕ್ ಬೋರ್ಡು. ಇಲ್ಲಿರುವ ಚಿಕ್ಕವರಿಗೆ ಹೇಳುತ್ತೇನೆ. ಆಗ ಬೆಂಗಳೂರಿನಿಂದ ದೂರದ ಎಷ್ಟೋ ಊರಿಗೆ ಮಾತಾಡಬೇಕಾದರೆ ನಮಗೆ ಹೇಳಿ ಕಾಲ್ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಎಲ್ಲಕ್ಕಿಂತ ಬೇಗ ಸಿಗುವ ಲೈಟ್ನಿಂಗ್ ಅಂತ ಬೇರೆ ಬೇರೆ ರೇಟು. ಆರ್ಡಿನರಿ ಬುಕ್ ಮಾಡಿದವರು ಸ್ನಾನ ಮಾಡಿ, ಊಟ ಮಾಡಿ, ನಿದ್ದೆ ಮಾಡಿ ಎದ್ದರೂ ಕೆಲವು ಸಲ ಲೈನು ಸಿಕ್ಕಿರುತ್ತಿರಲಿಲ್ಲ. ಲೈನು ಸಿಕ್ಕಾಗ ನಾವು ಎರಡೂ ಕಡೆ ಸೇರಿಸಿ, ಮಾತು ಶುರುವಾಯಿತು ಅಂತ ಖಾತ್ರಿ ಮಾಡಿಕೊಂಡು, ಕೀ ಹಿಂದಕ್ಕೆ ತಂದು ಹೊರಗೆ ಬರಬೇಕು. ಆಮೇಲೆ ಕೇಳುವ ಹಾಗಿಲ್ಲ. ಮೂರು ನಿಮಿಷ ಆದಾಗ ಮತ್ತೆ ನುಗ್ಗಿ 'ತ್ರೀ ಮಿನಿಟ್ಸ್ ಓವರ್' ಅನ್ನಬೇಕು. ಎಷ್ಟೋ ಜನ ಅತ್ತಿಗೆ ನಾದಿನಿಯರು ನನ್ನನ್ನು ಬೈದುಕೊಂಡಿದ್ದಾರೆ.

ನಮಗೆ ಸ್ಪ್ಲಿಟ್ ಡ್ಯೂಟಿ ಇತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ನಡುವೆ ಖಾಲಿ. ಮನೆಗೆ ಹೋಗಿ ಬರುವಷ್ಟು ದೊಡ್ಡದಲ್ಲ, ಸುಮ್ಮನೆ ಕೂರುವಷ್ಟು ಸಣ್ಣದೂ ಅಲ್ಲ. ಸರಿಯಾಗಿ ಒಂದು ಮ್ಯಾಟಿನಿಯಷ್ಟು. ಈ ಡ್ಯೂಟಿ ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಕೆಂಪೇಗೌಡ ರಸ್ತೆ ಬಸ್ಸಲ್ಲಿ ಹತ್ತು ನಿಮಿಷ. ಸಾಗರ್, ಸಂತೋಷ್, ನರ್ತಕಿ, ಕಪಾಲಿ, 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್. ಒಂದರಲ್ಲಿ ಹೌಸ್‌ಫುಲ್ ಅಂದರೆ ರಸ್ತೆ ದಾಟಿದರೆ ಇನ್ನೊಂದು. ನಾವು ನಾಲ್ಕು ಜನ ಹುಡುಗಿಯರು ಲೇಡೀಸ್ ಕ್ಯೂನಲ್ಲಿ ನಿಂತರೆ, ಕ್ಯೂ ಇಲ್ಲದ ಗಂಡಸರು ಬಂದು 'ಸಿಸ್ಟರ್, ನಮಗೂ ಎರಡು' ಅಂತ ದುಡ್ಡು ಚಾಚುತ್ತಿದ್ದರು.

ನಾಲ್ಕು ಗಂಟೆ ಹೆಡ್‌ಸೆಟ್ ಹಾಕಿ ಬಂದ ಕಿವಿ ವಿಚಿತ್ರವಾಗಿರುತ್ತದೆ. ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ. ಹಳೇ 'ಭೂತಯ್ಯನ ಮಗ ಅಯ್ಯು' ಹಾಗೊಂದು ಮಧ್ಯಾಹ್ನ ನೋಡಿದ್ದು. ಸಿದ್ಧಲಿಂಗಯ್ಯನವರ 1974ರ ಸಿನಿಮಾ, ಗೊರೂರರ ಕಥೆ. ದೊಡ್ಡ ದೊಡ್ಡ ದೃಶ್ಯಗಳಿವೆ, ಅಯ್ಯು, ಗುಳ್ಳರ ಹಗೆ ಇದೆ, ಹೊಳೆ ಇದೆ. ನನಗೆ ಉಳಿದದ್ದು ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸಿದ ಸದ್ದು. ಆ ಸದ್ದು ಬಂದ ಕೂಡಲೇ ನಾನು ಎಂಜಲು ನುಂಗಿದೆ. ನುಂಗಿದ್ದು ನನಗೇ ಕೇಳಿಸಿತು. ಪಕ್ಕದವಳೂ ನುಂಗಿದಳು. ಹಿಂದಿನ ಸಾಲೂ ನುಂಗಿತು. ಪೂರ್ತಿ ಬಾಲ್ಕನಿ ಒಟ್ಟಿಗೆ ಎಂಜಲು ನುಂಗಿದ ಸದ್ದು ನೀವು ಯಾವತ್ತಾದರೂ ಕೇಳಿದ್ದೀರಾ? ಅವರನ್ನು ಜನ ಸಾಯುವ ತನಕ ಉಪ್ಪಿನಕಾಯಿ ಲೋಕನಾಥ್ ಅಂದರು. ನೂರಾರು ಪಾತ್ರ ಮಾಡಿದವರಿಗೆ ಅದು ಬೇಸರವಾಗಿರಲೂಬಹುದು. ನನ್ನನ್ನು ಕೇಳಿದರೆ, ಸಾವಿರ ಜನರ ಬಾಯಲ್ಲಿ ಒಂದೇ ಸಲ ನೀರು ತರಿಸುವುದು ಸಾಮಾನ್ಯ ವಿದ್ಯೆಯಲ್ಲ.

ಮದುವೆಯಾಗಿ ಬನಶಂಕರಿ ಎರಡನೇ ಹಂತಕ್ಕೆ ಬಂದೆ. ಆಗ ಅದು ಊರಾಚೆ. ರಾತ್ರಿ ಎಂಟಾದರೆ ಕಪ್ಪೆ ಸದ್ದು, ಅಷ್ಟೇ. ಮೊದಲ ತಿಂಗಳು ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಯಜಮಾನರು ಗಾಬರಿಯಾಗಿ, 'ಏನಾದರೂ ಯೋಚನೆಯಾ? ತವರು ನೆನಪಾಗ್ತಿದೆಯಾ?' ಅಂತ ಕೇಳಿದರು. ಹೌದು ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಹೊಸ ಸೊಸೆ ಹೋಗಿ ಅತ್ತೆ ಹತ್ತಿರ, 'ರಾತ್ರಿ ಫೈಟಿಂಗ್ ಸದ್ದಿಲ್ಲದೆ ನಿದ್ದೆ ಬರಲ್ಲ ಅತ್ತೆ' ಅನ್ನಲಿಕ್ಕಾಗುತ್ತದಾ?

ಮಾರನೇ ವರ್ಷ, 1987ರ ಕೊನೆಗೆ, 'ಪುಷ್ಪಕ ವಿಮಾನ' ಬಂತು. ಸಿಂಗೀತಂ ಶ್ರೀನಿವಾಸರಾಯರದು. ನಮ್ಮ ಬೆಂಗಳೂರಲ್ಲೇ ತೆಗೆದದ್ದು. ಒಂದೇ ಒಂದು ಮಾತಿಲ್ಲ. ಮಾತಿಲ್ಲದ ಸಿನಿಮಾ ನನ್ನಂಥವಳಿಗೆ ಯಾಕೆ ಅಂತ ಗೊಣಗಿಕೊಂಡೇ ಹೋದೆ. ಮೊದಲ ಹತ್ತು ನಿಮಿಷ ಹಾಲ್‌ನಲ್ಲಿ ಒಂದು ಥರ ಕಸಿವಿಸಿ. ಕಡಲೆಕಾಯಿ ಸಿಪ್ಪೆ ಮುರಿದರೆ ಮೂರು ಸಾಲಿಗೆ ಕೇಳಿಸುತ್ತಿತ್ತು. ಎಲ್ಲೋ ಒಂದು ಮಗು ಅತ್ತರೆ ಎಲ್ಲರೂ ತಿರುಗಿ ನೋಡಿದರು.

ನಿಮಗೆ ನೆನಪಿರಬಹುದು. ಕಮಲ್‌ಹಾಸನ್ ಬಡ ಹುಡುಗ. ಅವನ ಕೋಣೆ ಇರುವುದು ಒಂದು ಟಾಕೀಸಿನ ಪಕ್ಕ. ಹೇಗೋ ಒಂದು ದೊಡ್ಡ ಹೋಟೆಲಿನ ಕೋಣೆ ಸೇರುತ್ತಾನೆ. ಮೆತ್ತನೆ ಹಾಸಿಗೆ, ತಣ್ಣನೆ ಗಾಳಿ, ಒಂದು ಚೂರೂ ಸದ್ದಿಲ್ಲ. ನಿದ್ದೆಯೇ ಬರುವುದಿಲ್ಲ ಅವನಿಗೆ! ಹೊರಳಾಡುತ್ತಾನೆ. ಕೊನೆಗೆ ಟೇಪ್ ರೆಕಾರ್ಡರ್ ಹಿಡಿದು ತನ್ನ ಹಳೇ ಜಾಗಕ್ಕೆ ಹೋಗಿ, ಟಾಕೀಸಿನ ಗದ್ದಲವನ್ನು ರೆಕಾರ್ಡ್ ಮಾಡಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ.

ಹಾಲ್ ಪೂರ್ತಿ ನಕ್ಕಿತು. ನಾನು ಅತ್ತುಬಿಟ್ಟೆ. ನಮ್ಮ ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. ನಗುವ ಜಾಗದಲ್ಲಿ ಅಳುವ ಹೆಂಡತಿಯನ್ನು ಕಟ್ಟಿಕೊಂಡೆನಲ್ಲ ಅನ್ನುವ ಮುಖ ಮಾಡಿಕೊಂಡು ಕೂತಿದ್ದರು. ಇಂಟರ್‌ವಲ್‌ನಲ್ಲಿ ಹೇಳಿದೆ. ಬಚ್ಚಲುಮನೆ, ಫ್ಯಾನಿನ ತೂತು, ಅಪ್ಪನ ಕಾಲು, ಎಲ್ಲ. ಮದುವೆಯಾಗಿ ಒಂದು ವರ್ಷದ ಮೇಲೆ ನಾವಿಬ್ಬರೂ ಮೊದಲ ಸಲ ಸರಿಯಾಗಿ ಮಾತಾಡಿದ್ದು ಅವತ್ತು ಅಂತ ಕಾಣುತ್ತದೆ. ಆ ವಾರವೇ ಅವರು ಒಂದು ಟ್ರಾನ್ಸಿಸ್ಟರ್ ತಂದು ನನ್ನ ತಲೆದಿಂಬಿನ ಪಕ್ಕ ಇಟ್ಟರು. ಸಿನಿಮಾ ನೋಡಿ ಬಂದವರು ಕಥೆ ಹೇಗಿತ್ತು ಅಂತ ಕೇಳುತ್ತಾರೆ. ಆ ಸಿನಿಮಾ ಮಟ್ಟಿಗೆ ನನ್ನ ಉತ್ತರ: ಒಂದು ಟ್ರಾನ್ಸಿಸ್ಟರ್ ಬಂತು.

ಬನಶಂಕರಿಗೆ ಬಂದದ್ದರಿಂದ ಇನ್ನೊಂದು ಲಾಭವಾಯಿತು. ಸುಚಿತ್ರಾ ಫಿಲ್ಮ್ ಸೊಸೈಟಿ ನಡೆದು ಹೋಗುವ ದೂರ. ಅಲ್ಲಿ ಬರುವವರು ಗಂಭೀರ ಜನ, ಸಿನಿಮಾ ಮುಗಿದ ಮೇಲೆ ಜುಬ್ಬದ ತೋಳು ಮಡಚಿ ಚರ್ಚೆ ಮಾಡುವವರು. ನಾನು ಹಿಂದಿನ ಸಾಲಲ್ಲಿ ಕೂತು, ಚರ್ಚೆ ಶುರುವಾಗುವ ಮೊದಲು ಎದ್ದುಬರುತ್ತಿದ್ದೆ. ಅಲ್ಲೇ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ನೋಡಿದ್ದು.

ಅದಕ್ಕೆ ಮೊದಲು ಬೋರ್ಡಿನ ಒಂದು ವಿಷಯ ಹೇಳಬೇಕು. ನೈಟ್ ಡ್ಯೂಟಿಯಲ್ಲಿ ಲೈಟ್ನಿಂಗ್ ಕಾಲ್ ಬಂತು ಅಂದರೆ ಹೆಚ್ಚಾಗಿ ಸಾವು. ನಾವು ಎರಡೂ ಕಡೆ ಸೇರಿಸುತ್ತೇವೆ. 'ಹಲೋ, ಯಾರು, ಅಣ್ಣನಾ? ಅಣ್ಣ, ಅಪ್ಪ...'. ಅಲ್ಲಿಗೆ ನಮಗೆ ಗೊತ್ತಾಗುತ್ತದೆ. ಆಮೇಲೆ ಒಂದು ಕ್ಷಣ ಏನೂ ಇರುವುದಿಲ್ಲ. ಆ ಒಂದು ಕ್ಷಣದಲ್ಲಿ ಕೀ ಹಿಂದಕ್ಕೆ ತರಬೇಕು. ತಡವಾದರೆ ಆ ಕಡೆಯವರ ಕೂಗು ಕಿವಿಯೊಳಗೇ ಬೀಳುತ್ತದೆ. ನಿಯಮಕ್ಕಾಗಿ ಅಲ್ಲ, ನಮ್ಮ ಜೀವ ಉಳಿಸಿಕೊಳ್ಳಲು ಬೇಗ ಕೀ ಎಳೆಯುತ್ತಿದ್ದೆವು. ಬೋರ್ಡಿನ ಆ ಸಣ್ಣ ದೀಪ ಮಾತ್ರ ಮುಂದೆ ಇರುತ್ತಿತ್ತು. ದೀಪ ನೋಡುತ್ತಾ, ಆ ಕಡೆ ಈಗ ಏನಾಗುತ್ತಿದೆ ಅಂತ ಗೊತ್ತಿದ್ದೂ ಕೇಳಿಸಿಕೊಳ್ಳದೆ ಕೂರುವುದು. ಅದು ಕೇಳುವುದಕ್ಕಿಂತ ಕಷ್ಟ ಅಂತ ಆಮೇಲೆ ಗೊತ್ತಾಯಿತು.

'ಪಥೇರ್ ಪಾಂಚಾಲಿ'ಯಲ್ಲಿ ಅಪ್ಪ ಹರಿಹರ ಬಹಳ ದಿನಗಳ ಮೇಲೆ ಊರಿಗೆ ಬರುತ್ತಾನೆ. ಮಗಳು ದುರ್ಗಾ ತೀರಿಹೋಗಿದ್ದಾಳೆ. ಅವನಿಗೆ ಗೊತ್ತಿಲ್ಲ. ತಂದ ಸಾಮಾನು ಒಂದೊಂದೇ ತೋರಿಸುತ್ತಾ, ದುರ್ಗಾಗೆ ಅಂತ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಆ ಸೀರೆ ಕಚ್ಚಿಕೊಂಡು ಕುಸಿಯುತ್ತಾಳೆ. ಬಾಯಿ ತೆರೆಯುತ್ತದೆ. ಕೂಗು ಬರುವುದಿಲ್ಲ. ಕೂಗಿನ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಎತ್ತರದ ದನಿಯಲ್ಲಿ ಮೇಲೇಳುತ್ತದೆ. ಸಂಗೀತ ರವಿಶಂಕರ್ ಅವರದು.

ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ರಾಯ್ ಕೀ ಎಳೆದುಬಿಟ್ಟಿದ್ದರು! ಸರಿಯಾಗಿ ಅದೇ ಕ್ಷಣಕ್ಕೆ. ಯಾವ ಎಕ್ಸ್‌ಚೇಂಜಿನಲ್ಲೂ ಕೂತವರಲ್ಲ, ಅವರಿಗೆ ಹೇಗೆ ಗೊತ್ತು? ಅವತ್ತು ಎಷ್ಟು ವರ್ಷದ ಎಷ್ಟು ಕೂಗುಗಳು, ನಾನು ಕೇಳಿಸಿಕೊಳ್ಳದೆ ಬಿಟ್ಟವು, ಒಟ್ಟಿಗೆ ಬಂದವು ಅನ್ನಿಸಿತು. ಮನೆಗೆ ಹೋಗುವ ದಾರಿಯಲ್ಲಿ ಒಂದು ಕಟ್ಟೆ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಚರ್ಚೆ ಮುಗಿಸಿಕೊಂಡು ಜುಬ್ಬದವರು ಆ ಕಡೆಯೇ ಬಂದರು. ನವವಾಸ್ತವವಾದ ಅಂತ ಏನೋ ಮಾತಾಡುತ್ತಿದ್ದರು. ಇರಬಹುದು, ನನಗೇನು ಗೊತ್ತು.

ಆಮೇಲೆ ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ಎಸ್‌ಟಿಡಿ ಎಲ್ಲ ಕಡೆ ಹಬ್ಬಿತು, ಬೀದಿಗೊಂದು ಹಳದಿ ಬೂತ್ ಬಂತು. ನಮ್ಮ ಬೋರ್ಡಿನ ದೀಪಗಳು ಒಂದೊಂದೇ ಆರಿದವು. ನನ್ನನ್ನು ಬಿಲ್ಲಿಂಗ್ ಸೆಕ್ಷನ್‌ಗೆ ಹಾಕಿದರು. ಸ್ಪ್ಲಿಟ್ ಡ್ಯೂಟಿ ಹೋಯಿತು, ಮ್ಯಾಟಿನಿಯೂ ಹೋಯಿತು. ಮಕ್ಕಳು, ಮನೆ. 'ಮುಂಗಾರು ಮಳೆ' ಬಂದಾಗ ಮಗಳು ಬಲವಂತವಾಗಿ ಮಲ್ಟಿಪ್ಲೆಕ್ಸ್‌ಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ಕಾಲೇಜು ಹುಡುಗರಿಗೆಲ್ಲ ಡೈಲಾಗು ಬಾಯಿಪಾಠ. ಗಣೇಶ್ ಹೇಳುವ ಮೊದಲೇ ಅವರು ಹೇಳುತ್ತಿದ್ದರು. ನನಗೆ ಮಳೆ ಮಾತ್ರ ಕೇಳಿಸಿತು. ಮಳೆ ಚೆನ್ನಾಗಿತ್ತು.

2016ರಲ್ಲಿ 'ತಿಥಿ' ನೋಡಿದೆ. ಇದರ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ, ಆ ಊರಿನವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ತೆಗೆದ ಸಿನಿಮಾ. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪ ಯಾವುದಕ್ಕೂ ತಲೆಕೆಡಿಸಿಕೊಳ್ಳದೆ, ಟೈಗರ್ ಬ್ರಾಂಡಿ ಹೀರುತ್ತಾ ಹೊಲದ ಬದುಗಳ ಮೇಲೆ ನಡೆದುಕೊಂಡೇ ಇರುತ್ತಾನೆ. ಇಲ್ಲಿ ಅಳಿ, ಇಲ್ಲಿ ನಗಿ ಅಂತ ಪಿಟೀಲು ಬಂದು ಹೇಳುವುದಿಲ್ಲ. ನಡಿಗೆ ಸದ್ದು, ಕುರಿ ಸದ್ದು, ಜಗಳದ ಸದ್ದು.

ಮಲ್ಟಿಪ್ಲೆಕ್ಸ್‌ನಲ್ಲಿ ಅವತ್ತು ಒಂದು ತಮಾಷೆ ನಡೆಯಿತು. ಪರದೆ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಒಂದೊಂದು ಮಾತಿಗೂ ಹಾಲ್‌ನಲ್ಲಿ ಎರಡು ನಗು. ಮೊದಲ ನಗು ಮಂಡ್ಯ ಕಡೆಯವರದು, ಕೇಳಿದ ಕೂಡಲೇ. ಎರಡನೇ ನಗು ಓದಿಕೊಂಡವರದು. ಕೆಲವು ಸಲ ಎರಡನೆಯದು ಮೊದಲು ಬಂದುಬಿಡುತ್ತಿತ್ತು, ಮಾತು ಮುಗಿಯುವ ಮುಂಚೆ ಅಕ್ಷರ ಬಂದಿರುತ್ತಲ್ಲ. ಇನ್ನು ಕೆಲವು ಸಲ ಮೊದಲ ನಗು ಮಾತ್ರ. ಆ ಬೈಗುಳವನ್ನು ಇಂಗ್ಲಿಷಿಗೆ ಹಾಕಿದವರು ಸೋತಿದ್ದರು. ನಾನು ಮೊದಲ ನಗುವಿನ ಪಾರ್ಟಿ. ಆದರೆ ಅವತ್ತೇ ಒಂದು ವಿಷಯ ಗಮನಕ್ಕೆ ಬಂತು. ನಡುನಡುವೆ ನಾನೂ ಅಕ್ಷರ ಓದುತ್ತಿದ್ದೆ. ಯಾಕೆ ಓದುತ್ತಿದ್ದೇನೆ? ಗಡ್ಡಪ್ಪ ಗೊಣಗುತ್ತಾನೆ, ಅದಕ್ಕೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗಡ್ಡಪ್ಪನದಲ್ಲ ತಪ್ಪು. ಎರಡು ವರ್ಷ ಕಳೆಯುವಷ್ಟರಲ್ಲಿ ಕುಕ್ಕರ್ ವಿಸಿಲ್ ಎಣಿಸುವುದು ತಪ್ಪತೊಡಗಿತು. ಡಾಕ್ಟರು ಒಂದು ಗ್ರಾಫ್ ತೋರಿಸಿದರು. ಮೇಲುದನಿಗಳು ಮೊದಲು ಹೋಗುತ್ತವಂತೆ. ಸ, ಶ, ತ, ಫ ಇಂಥವು. ತಗ್ಗು ದನಿಗಳು ಉಳಿದುಕೊಳ್ಳುತ್ತವೆ. ಜನ ಮಾತಾಡುವುದು ಕೇಳಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಮಾತಾಡಿದ ಹಾಗೆ. ನನಗೆ ನಗು ಬಂತು. ಗೋಡೆ ವಾಪಸ್ಸು ಬಂದಿತ್ತು!

ಇನ್ನೊಂದು ನೆನಪೂ ಬಂತು. ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಕಿವಿ ಕೇಳದವರಿಗಾಗಿ ಸನ್ನೆಯ ವಾರ್ತೆ ಬರುತ್ತಿತ್ತು. ಅದಾದ ಮೇಲೆ ಬೇರೆ ಬೇರೆ ಭಾಷೆಯ ಸಿನಿಮಾ. 'ಘಟಶ್ರಾದ್ಧ'ದಂಥ ಪ್ರಶಸ್ತಿ ಬಂದ ಸಿನಿಮಾ ನಮ್ಮಂಥವರ ಮನೆಗೆ ಬಂದದ್ದು ಅದೇ ಹೊತ್ತಿಗೆ. ಸಿನಿಮಾ ಶುರುವಾಗುವುದನ್ನು ಕಾಯುತ್ತಾ ನಾವು ಅಕ್ಕತಂಗಿಯರು ಆ ಸನ್ನೆ ವಾರ್ತೆಯವರನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನನ್ನ ತಂಗಿ ವೀಡಿಯೊ ಕಾಲ್‌ನಲ್ಲಿ ನನಗೆ ಕೈಸನ್ನೆ ಮಾಡಿಯೇ ಮಾತಾಡುವುದು.

'ಕಾಂತಾರ' ನೋಡಿದ್ದು ಮಿಷಿನ್ ಹಾಕಿಕೊಂಡು. ಕಿವಿ ಮಿಷಿನ್. 2022ರ ಅಕ್ಟೋಬರ್. ಈಗಿನ ಹಾಲ್‌ಗಳ ಸೌಂಡು ಕಿವಿ ಚೆನ್ನಾಗಿರುವವರಿಗೇ ಜಾಸ್ತಿ. ಮಿಷಿನ್ ಅದನ್ನು ಇನ್ನೂ ದೊಡ್ಡದು ಮಾಡಿ ತಲೆಯೊಳಗೆ ಸುರಿಯುತ್ತದೆ. ದೈವದ ಮೊದಲ 'ಓ' ಕೂಗಿಗೇ ನಾನು ಬೆಚ್ಚಿ ಮೊಮ್ಮಗಳ ಕೈ ಹಿಡಿದುಕೊಂಡೆ. ಕೊನೆಯ ಹೊಡೆದಾಟ ಶುರುವಾದಾಗ ತಡೆಯಲಾಗದೆ ಎರಡೂ ಮಿಷಿನ್ ಕಿತ್ತು ಪರ್ಸಿಗೆ ಹಾಕಿದೆ.

ಆಮೇಲೆ ನಡೆದದ್ದನ್ನು ನಿಮ್ಮಲ್ಲಿ ಯಾರೂ ನೋಡಿರಲಾರಿರಿ. ಸದ್ದು ಕುರ್ಚಿಯಿಂದ ಬೆನ್ನಿಗೆ ಬರುತ್ತಿತ್ತು. ಕಿವಿಯಲ್ಲಿ ದೂರದ ಗುಡುಗಿನ ಹಾಗೆ ಏನೋ. ಪರದೆ ಮೇಲೆ ರಿಷಬ್ ಶೆಟ್ಟಿಯ ಕಣ್ಣು, ಕೈ, ಹೆಜ್ಜೆ. ಹೊಡೆದಾಟ ಮುಗಿದು, ದೈವ ಮೈಮೇಲೆ ಬಂದವನು ಊರವರ ಕೈಗಳನ್ನು, ಆ ಅರಣ್ಯ ಅಧಿಕಾರಿಯ ಕೈಯನ್ನು, ಒಂದೊಂದಾಗಿ ಕರೆದು ಒಟ್ಟಿಗೆ ಸೇರಿಸಿ ಎದೆಗೆ ತಂದುಕೊಳ್ಳುತ್ತಾನೆ. ಮಾತಿಲ್ಲ. ನನಗಂತೂ ಪೂರ್ತಿ ಇಲ್ಲ. ನಾನು ಎರಡು ಕಡೆಯವರನ್ನು ಸೇರಿಸಿ ಹೊರಗೆ ಬರುತ್ತಿದ್ದ ಕೆಲಸದವಳು. ಆ ಕೈ ಸೇರಿಸುವುದನ್ನು ನೋಡುವಾಗ ಗಂಟಲು ಕಟ್ಟಿತು. ಮೊದಲ ಸಲ ಒಂದು ಸಿನಿಮಾವನ್ನು ಕಣ್ಣಲ್ಲಿ ನೋಡಿದೆ ಅನ್ನಿಸಿತು, ಅರವತ್ತು ದಾಟಿದ ಮೇಲೆ. ಹೊರಗೆ ಬಂದಾಗ ಮೊಮ್ಮಗಳು ಆ ಜಾಗದ ಸಂಗೀತ ಸೂಪರ್ ಅಂದಳು. ಸಂಗೀತ ಇತ್ತಾ ಅಂತ ಕೇಳಿದೆ. ಪಾಪ, ಅವಳಿಗೆ ಏನು ಹೇಳಬೇಕು ಗೊತ್ತಾಗಲಿಲ್ಲ.

ಈಗ ನನ್ನದೊಂದು ಜಗಳ ಇದೆ. ಬೆಂಗಳೂರಲ್ಲಿ ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಅಕ್ಷರ ಹಾಕುತ್ತಾರೆ. ಕನ್ನಡ ಬಾರದವರು ನೋಡಲಿ ಅಂತ. ಒಳ್ಳೆಯದು, ಹಾಕಲಿ. ಕನ್ನಡ ಬಂದೂ ಕಿವಿ ಕೇಳದವರು ಏನು ಮಾಡಬೇಕು? ನನ್ನ ಭಾಷೆಯ ಸಿನಿಮಾವನ್ನು ನಾನು ಇಂಗ್ಲಿಷಿನಲ್ಲಿ ಓದಿ, ತಲೆಯಲ್ಲಿ ಮತ್ತೆ ಕನ್ನಡ ಮಾಡಿಕೊಂಡು ನಗಬೇಕಾ? ಅಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ನಾನೀಗ ಮೂರನೇ ನಗುವಿನ ಪಾರ್ಟಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಚಿತ್ರಮಂದಿರಗಳಲ್ಲಿ ಅನುಕೂಲ ಮಾಡಿಕೊಡಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಅಕ್ಷರ ಹಾಕುವುದು, ಕಾಣುವುದನ್ನು ದನಿಯಲ್ಲಿ ವಿವರಿಸುವುದು, ಎಲ್ಲ ಅದರಲ್ಲಿದೆ. ನಮ್ಮ ಏರಿಯಾದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಹೋಗಿ ಕೇಳಿದೆ. ಕೌಂಟರ್‌ನಲ್ಲಿದ್ದ ಹುಡುಗ ಏನೋ ಹೇಳಿದ, ಗಾಜಿನ ಆಚೆಯಿಂದ. ಕೇಳಿಸಲಿಲ್ಲ.

ಇಲ್ಲಿ ಸಿನಿಮಾ ತೆಗೆಯುವ ಹುಡುಗರು ಇಬ್ಬರು ಮೂವರು ಇದ್ದೀರಿ ಅಂತ ಹೇಳಿದರು. ಕನ್ನಡ ಅಕ್ಷರ ಹಾಕುವಾಗ ಬರೀ ಮಾತು ಹಾಕಬೇಡಿ. 'ದೂರದಲ್ಲಿ ನಾಯಿ ಬೊಗಳುತ್ತದೆ', 'ನಲ್ಲಿ ತೊಟ್ಟಿಕ್ಕುತ್ತಿದೆ' ಅಂತಲೂ ಹಾಕಿ. ಯಾರಾದರೂ ಪಿಸುಗುಟ್ಟಿದರೆ ಮರೆಯದೆ ಹಾಕಿ. ಕಲ್ಪನಾ ವಿಷಯದಲ್ಲಿ ನನಗೆ ಹನ್ನೊಂದು ವರ್ಷ ಮೋಸವಾಗಿದೆ.

ಮಾತಾಡುತ್ತಾ ಮಾತಾಡುತ್ತಾ ಇನ್ನೂ ನಾಲ್ಕು ಸಿನಿಮಾ ನೆನಪಿಗೆ ಬರುತ್ತಿವೆ. ಆದರೆ ಈ ಎಡಗಿವಿ ಮಿಷಿನ್ ಆಗಲೇ ಎರಡು ಸಲ ಬೀಪ್ ಅಂದಿತು. ಬ್ಯಾಟರಿ ಮುಗಿಯುವ ಮುಂಚೆ ಹೀಗೇ ಹೇಳುತ್ತದೆ, ತ್ರೀ ಮಿನಿಟ್ಸ್ ಓವರ್ ಅಂತ. ಪ್ರಶ್ನೆ ಇದ್ದರೆ ಈಗಲೇ ಕೇಳಿ. ನನ್ನ ಬಲಗಡೆಗೆ ಬಂದು ಕೇಳಿ.